ನಿಲ್ಲಿಸಿಯೂ ಒಮ್ಮೆ ಬಿ.ಪಿ. ನೋಡಿ

ಸಂಪಾದಕರಿಗೆ ನಮಸ್ಕಾರ.

2025ರ ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಯಲ್ಲಿ ಜನ ಮುಗಿಬಿದ್ದರು. ಆಮೇಲೂ ಹೃದಯದ ವಿಷಯ ಬಂದರೆ ಕೊಬ್ಬು, ರಕ್ತನಾಳ, ಸ್ಟೆಂಟ್ ಇಷ್ಟೇ ಮಾತು. ರಕ್ತನಾಳ ಚೆನ್ನಾಗಿದ್ದರೂ ಹೃದಯದ ಬಡಿತವನ್ನು ಹಿಡಿತದಲ್ಲಿಡುವ ನರಗಳು ಸೋತಿರಬಹುದು. ಎಚ್‌ಐವಿ ಇರುವ ನಮ್ಮಂಥವರಿಗೆ ಇದನ್ನು ಯಾರಾದರೂ ಹೇಳಬೇಕು.

ನಾನು ಕಾಟನ್‌ಪೇಟೆಯಲ್ಲಿ ಲೆಕ್ಕದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು. ಸ್ಟಾವುಡಿನ್ ಎಂಬ ಹಳೆಯ ಔಷಧ ಕೊಡುತ್ತಿದ್ದ ಕಾಲದಿಂದಲೂ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಸರ್ಕಾರದ ಉಚಿತ ಎಆರ್‌ಟಿ ಮಾತ್ರೆ ನುಂಗುತ್ತಿದ್ದೇನೆ. ಈಗ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದಿದೆ. ನೆಲದಲ್ಲಿ ಕುಳಿತು ಹೊಲಿದು, ಅಂಟು ಹಚ್ಚಿ, ಎದ್ದು ಕಟಿಂಗ್ ಯಂತ್ರದ ಬಳಿ ಹೋಗುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಸುಮ್ಮನೆ ಕುಳಿತಿದ್ದರೂ ನಾಡಿ ನೂರರ ಮೇಲೆ. ನಾಲ್ಕು ತುತ್ತಿಗೇ ಹೊಟ್ಟೆ ಭಾರ. ಇಸಿಜಿ, ಎಕೋ ಎರಡೂ ಸರಿಯಿದ್ದವು. ಕ್ಲಿನಿಕ್‌ನವರು ಗ್ಯಾಸ್ ಎಂದರು, ವಠಾರದವರು ಕುಡಿತ ಎಂದರು. ಎಚ್‌ಐವಿಗಿಂತ ಕುಡುಕನೆಂಬ ಹೆಸರೇ ಹಗುರವಾದ್ದರಿಂದ ನಾನೂ ಅಲ್ಲಗಳೆಯಲಿಲ್ಲ.

ಕೊನೆಗೆ ಒಬ್ಬ ಯುವ ವೈದ್ಯೆ ನನ್ನನ್ನು ಮಲಗಿಸಿ ಬಿ.ಪಿ. ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಮಲಗಿದ್ದಾಗ 130, ನಿಂತಾಗ 100. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಉಪೇಕ್ಷಿಸುವಂತಿಲ್ಲವಂತೆ. ಆಮೇಲಿನ ಪರೀಕ್ಷೆಯಲ್ಲೂ ಸೂಜಿ ಚುಚ್ಚಲಿಲ್ಲ. ಇಸಿಜಿ ತಂತಿ ಹಚ್ಚಿ, ನಿಮಿಷಕ್ಕೆ ಆರರಂತೆ ಆಳವಾಗಿ ಉಸಿರಾಡಿಸಿದರು. ಉಸಿರು ಎಳೆದಾಗ ಬಡಿತ ಏರಿ, ಬಿಟ್ಟಾಗ ಇಳಿಯಬೇಕು. ನನ್ನ ಹೃದಯ ಗಡಿಯಾರದ ಹಾಗೆ ಒಂದೇ ಸಮನೆ ಬಡಿಯುತ್ತಿತ್ತು, ಅದೇ ದೋಷ. ಬಡಿತವನ್ನೂ ರಕ್ತದೊತ್ತಡವನ್ನೂ ನಮ್ಮ ಅರಿವಿಗೆ ಬಾರದಂತೆ ನೋಡಿಕೊಳ್ಳುವ ಸ್ವಾಯತ್ತ ನರಗಳು ಹಾಳಾಗಿವೆ ಎಂದರು.

ವೈರಸ್, ವರ್ಷಗಟ್ಟಲೆಯ ಉರಿಯೂತ, ನರಕ್ಕೆ ಪೆಟ್ಟು ಕೊಡುವ ಕೆಲವು ಹಳೆಯ ಔಷಧಗಳು, ಕೆಲವರಲ್ಲಿ ಸಕ್ಕರೆ ಕಾಯಿಲೆ ಅಥವಾ ಬಿ12 ಕೊರತೆ: ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ವೈದ್ಯರಿಗೂ ಕಷ್ಟ. ಪಾದದ ಉರಿಗೆಂದು ನಾನು ರಾತ್ರಿ ನುಂಗುತ್ತಿದ್ದ ಅಮಿಟ್ರಿಪ್ಟಿಲಿನ್ ಕೂಡ ನಿಂತಾಗಿನ ಬಿ.ಪಿ.ಯನ್ನು ಇಳಿಸುತ್ತದೆ. ಅದನ್ನು ವೈದ್ಯೆ ಬದಲಿಸಿದ ಮೇಲೆ ಎಷ್ಟೋ ಹಗುರಾಗಿದ್ದೇನೆ. ಈಗ ಏಳುವ ಮುಂಚೆ ಕಾಲಿನ ಮೀನಖಂಡ ಬಿಗಿಹಿಡಿದು ಬಿಡುತ್ತೇನೆ, ಗೋಡೆ ಹಿಡಿದು ನಿಧಾನವಾಗಿ ಏಳುತ್ತೇನೆ. ತಲೆಸುತ್ತಿನ ನೆಪದಲ್ಲಿ ಎಆರ್‌ಟಿ ಮಾತ್ರೆಯನ್ನು ಮಾತ್ರ ಯಾರೂ ಬಿಡಬಾರದು.

ನಾನು ಹೋಗುವ ಎಆರ್‌ಟಿ ಕೇಂದ್ರದಲ್ಲಿ ಬಿ.ಪಿ. ನೋಡುವುದು ಕುರ್ಚಿಯಲ್ಲಿ ಕೂರಿಸಿ. ಸಾಲು ಉದ್ದ, ಸಿಬ್ಬಂದಿ ಕಡಿಮೆ, ಅವರ ಕಷ್ಟವೂ ಕಾಣುತ್ತದೆ. ಆದರೆ ತಲೆಸುತ್ತು ಎಂದವರನ್ನಾದರೂ ಐದು ನಿಮಿಷ ಮಲಗಿಸಿ, ನಿಲ್ಲಿಸಿ ನೋಡಲು ಆರೋಗ್ಯ ಇಲಾಖೆ ಹೇಳಬಾರದೇ? ಒಂದು ಮಂಚ ಸಾಕು. ಈ ನರಗಳ ಪರೀಕ್ಷೆಗೆ ನಮ್ಮೂರಿನ ನಿಮ್ಹಾನ್ಸ್‌ನಲ್ಲಿ ಪ್ರಯೋಗಾಲಯವೇ ಇದೆ. ಅಲ್ಲಿಗೆ ಯಾರನ್ನು ಕಳುಹಿಸಬೇಕೆಂಬುದು ಈ ಮಂಚದಲ್ಲೇ ಗೊತ್ತಾಗಬೇಕು. ಹರ್ನಿಯಾದಂಥ ಶಸ್ತ್ರಚಿಕಿತ್ಸೆಗೆ ಹೋಗುವವರ ವಿಷಯದಲ್ಲಂತೂ ಅರಿವಳಿಕೆ ಕೊಡುವವರಿಗೆ ಈ ನರದೋಷ ಮೊದಲೇ ತಿಳಿದಿರಬೇಕು, ಏಕೆಂದರೆ ಅರಿವಳಿಕೆಯಲ್ಲಿ ಇಂಥವರ ಬಿ.ಪಿ. ದಿಢೀರನೆ ಕುಸಿಯಬಹುದು. ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಆದರೂ ಹೇಳಲು ಹೆದರಿ ಮುಚ್ಚಿಡುವವರನ್ನು ನಾನು ಬಲ್ಲೆ.

ನನ್ನ ಅಂಗಡಿಯ ಯಜಮಾನರಿಗೆ ವಿಷಯ ಗೊತ್ತು, ವಠಾರಕ್ಕೆ ಗೊತ್ತಿಲ್ಲ. ಆದ್ದರಿಂದ ಹೆಸರು ಅಚ್ಚು ಹಾಕಬೇಡಿ.

ಒಬ್ಬ ಬೈಂಡರ್, ಕಾಟನ್‌ಪೇಟೆ, ಬೆಂಗಳೂರು