ನಮ್ಮೂರ ಬಸುರಿಯರ ಲೆಕ್ಕ ತೆಗೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳಿಯಿಂದ ಬರೆಯುತ್ತಿದ್ದೇನೆ. ರಾತ್ರಿ ಕೆಮಿಕಲ್ ಘಾಟು ಶುರುವಾದರೆ ಕಿಟಕಿ ಸಂದಿಗೆ ಹಳೇ ಸೀರೆ ತುರುಕಿ ಮಲಗುತ್ತೇವೆ. ಬಸುರಿಯರಿಗೂ ಅದೇ ಗಾಳಿ.

ಒಂದು ತಾಯಿ ಕಾರ್ಡ್ ತೆರೆದು ನೋಡಿ. ತೂಕ, ಬಿಪಿ, ಹಿಮೋಗ್ಲೋಬಿನ್, ಕಬ್ಬಿಣದ ಮಾತ್ರೆ ಎಲ್ಲ ಬರೆದಿರುತ್ತಾರೆ. ಮನೆ ಕಾರ್ಖಾನೆಗೆ ಎಷ್ಟು ಹತ್ತಿರ, ಕುಡಿಯುವುದು ಯಾವ ಬೋರ್‌ವೆಲ್ ನೀರು ಅಂತ ಯಾರೂ ಕೇಳುವುದಿಲ್ಲ.

ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ನಿಂತ ಸುಮಾರು 28 ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಆಶಾ ಕಾರ್ಯಕರ್ತೆ ಹೆಸರು ಬರೆದುಕೊಳ್ಳುವಷ್ಟರಲ್ಲಿ ಆ ಹೊತ್ತು ದಾಟಿರುತ್ತದೆ.

ಸೀಳುತುಟಿಯ ಮಗು ಹುಟ್ಟಿದರೆ ಗ್ರಹಣ ನೋಡಿದ್ದಳು ಅಂತ ತಾಯಿಯನ್ನೇ ಬೈಯುತ್ತಾರೆ. ಓದಿದವರು ಸೋದರಮಾವನನ್ನು ಮದುವೆಯಾಗಿದ್ದಕ್ಕೆ ಹೀಗಾಯ್ತು ಅನ್ನುತ್ತಾರೆ. ರಕ್ತಸಂಬಂಧದಿಂದ, ಫೋಲಿಕ್ ಆಸಿಡ್ ಕೊರತೆಯಿಂದ ತೊಂದರೆ ಇದೆ, ಒಪ್ಪುತ್ತೇನೆ. ಹಾಗಂತ ಗಾಳಿ, ನೀರನ್ನು ನೋಡುವುದೇ ಬೇಡವಾ?

ಬೇರೆ ಕಡೆ ನೋಡಿದ್ದಾರೆ. 1998ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ಅಪಾಯಕಾರಿ ತ್ಯಾಜ್ಯ ಸುರಿದ 21 ಜಾಗಗಳ ಸುತ್ತ ಹುಟ್ಟಿದ ಮಕ್ಕಳ ಲೆಕ್ಕ ತೆಗೆಯಿತು. ತಾಯಿ 3 ಕಿಲೋಮೀಟರ್ ಒಳಗಿದ್ದರೆ ಜನ್ಮದೋಷದ ಅಪಾಯ ಶೇ 33ರಷ್ಟು ಜಾಸ್ತಿ ಕಂಡಿತು. ಅದಕ್ಕೆ ತ್ಯಾಜ್ಯವೇ ಕಾರಣ ಅಂತ ಅಷ್ಟರಿಂದಲೇ ಹೇಳಲಾಗದು. ಆದರೆ ಇಂಗ್ಲೆಂಡಿನ ಕಾರ್ಬಿಯಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ವಿಷದ ಕೆಸರನ್ನು ಊರೊಳಗೇ ಲಾರಿಯಲ್ಲಿ ಸಾಗಿಸಿದ್ದರು. ಕೈಕಾಲು ಊನವಾಗಿ ಹುಟ್ಟಿದ ಮಕ್ಕಳ ಕುಟುಂಬಗಳು ಕೋರ್ಟಿಗೆ ಹೋದವು. 2009ರಲ್ಲಿ ಹೈಕೋರ್ಟು ಸ್ಥಳೀಯ ಆಡಳಿತ ನಿರ್ಲಕ್ಷ್ಯ ಮಾಡಿದೆ ಅಂತ ತೀರ್ಪು ಕೊಟ್ಟಿತು.

ಹುಟ್ಟಿದ ಮಕ್ಕಳ ಸೀಳುತುಟಿ, ಸೊಟ್ಟಗಾಲು, ಹೃದಯದ ದೋಷ ಗುರುತಿಸಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಆ ದಾಖಲೆಗಳನ್ನು ಇಲ್ಲಿಯ ಹಳ್ಳಿವಾರು ಜೋಡಿಸಿ, ದೂರದ ಹಳ್ಳಿಗಳ ಜೊತೆ ಹೋಲಿಸಿ ನೋಡಿಸಿ. ಗರ್ಭಪಾತ, ಸತ್ತು ಹುಟ್ಟಿದ ಮಕ್ಕಳನ್ನೂ ಸೇರಿಸಿ. ಒಂದು ಮಾತು ಮರೆಯಬೇಡಿ. ನಮ್ಮ ಸೊಸೆಯಂದಿರು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರೆ. ಕಷ್ಟದ ಹೆರಿಗೆಯಾದರೆ ರಾಯಚೂರಿಗೆ ಓಡುತ್ತೇವೆ. ಹೆರಿಗೆಯಾದ ಆಸ್ಪತ್ರೆಯ ಲೆಕ್ಕ ಹಿಡಿದರೆ ಆ ಮಕ್ಕಳೆಲ್ಲ ಬೇರೆ ಊರಿನ ಪಟ್ಟಿಗೆ ಹೋಗುತ್ತವೆ, ನಮ್ಮಲ್ಲಿ ಏನೂ ಇಲ್ಲ ಅಂತ ಬರುತ್ತದೆ. ಮೊದಲ ಮೂರು ತಿಂಗಳು ತಾಯಿ ಎಲ್ಲಿದ್ದಳು ಅನ್ನುವುದನ್ನೇ ಕೇಳಿ ಬರೆಯಬೇಕು.

ಲೆಕ್ಕ ಮುಗಿಯುವವರೆಗೆ ಕಾಯದೆ 18ರಿಂದ 20ನೇ ವಾರದಲ್ಲಿ ಹೊಟ್ಟೆಯೊಳಗಿನ ಮಗುವಿನ ಅಂಗದೋಷ ನೋಡುವ ಅನಾಮಲಿ ಸ್ಕ್ಯಾನ್ ಇಲ್ಲಿಯ ಪ್ರತಿ ಬಸುರಿಗೂ ಉಚಿತವಾಗಿ ಸಿಗುವ ಹಾಗೆ ಮಾಡಿ. ಗಾಳಿಯನ್ನು ಘಾಟು ಬರುವ ರಾತ್ರಿಯಲ್ಲೇ ಅಳೆಯಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ವರದಿ ಕನ್ನಡದಲ್ಲಿ ನಮ್ಮ ಪಂಚಾಯಿತಿಗೆ ಬರಲಿ.

ಇಂತಿ,
ಕಡೇಚೂರು ಭಾಗದ ಒಬ್ಬ ತಾಯಿ