ಡಿಮ್ ಕರೆಂಟ್ ಅಂದ್ರೆ ಬರೀ ಲೋ ವೋಲ್ಟೇಜ್ ಅಲ್ಲ

ಸಂಪಾದಕರೇ,

ಮಲೆನಾಡಿನಲ್ಲಿ ಮಳೆಗಾಲಕ್ಕೆ ಕರೆಂಟ್ ಹೋಗೋದು ಸುದ್ದಿಯೇ ಅಲ್ಲ. ನಾನು ಬರೆಯುತ್ತಿರುವುದು ಕರೆಂಟ್ ಹೋಗದೇ ಇದ್ದಿದ್ದರ ಬಗ್ಗೆ.

ಹೋದ ಮಳೆಗಾಲದ ಒಂದು ಸಂಜೆ ನಮ್ಮನೆ ಬಲ್ಬು ಇದ್ದಕ್ಕಿದ್ದಂತೆ ಬೂದಿ ಮುಚ್ಚಿದ ಕೆಂಡದ ಹಾಗಾಯಿತು. ಫ್ರಿಜ್ ಗುಂಯ್ ಅಂತ ಒದ್ದಾಡಿ ಸುಮ್ಮನಾಯಿತು. ಪಕ್ಕದ ಮನೆಯಲ್ಲಿ ಮಾತ್ರ ಟಿವಿ ಆರಾಮಾಗಿ ಓಡುತ್ತಿತ್ತು. ಕರೆಂಟ್ ಆಫೀಸಿಗೆ ಫೋನ್ ಮಾಡಿದರೆ 'ಲೋ ವೋಲ್ಟೇಜ್ ಇರಬೇಕು, ಬೆಳಿಗ್ಗೆ ನೋಡೋಣ' ಅಂದರು. ಬೆಳಿಗ್ಗೆ ನೋಡಿದ್ದು ನಮ್ಮ ಕೆಳಗಿನ ತೋಟದವರ ಹಸು. ಮೇಲಿನ ಗುಡ್ಡದಲ್ಲಿ 11 ಕೆವಿ (11 ಸಾವಿರ ವೋಲ್ಟ್) ತಂತಿ ತುಂಡಾಗಿ ಅಡಿಕೆ ಹಾಳೆಗಳ ಮೇಲೆ ಬಿದ್ದಿತ್ತು, ರಾತ್ರಿಯಿಡೀ ಕರೆಂಟ್ ಹಾಗೇ ಇತ್ತು. ಹಸು ಉಳಿಯಲಿಲ್ಲ.

ತಂತಿ ಬಿದ್ದರೆ ಕರೆಂಟ್ ಬಿಡುವ ಸಬ್‌ಸ್ಟೇಷನ್ನಿನಲ್ಲಿ ಲೈನ್ ಟ್ರಿಪ್ ಆಗಬೇಕಲ್ವಾ, ಅಂದ್ರೆ ತಾನಾಗೇ ಬಂದ್ ಆಗಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗಲೇಬೇಕು ಅಂತೇನಿಲ್ಲ. ಲೈನ್ ಬಂದ್ ಮಾಡುವ ಬ್ರೇಕರ್ ನೋಡೋದು ಎಷ್ಟು ಆಂಪಿಯರ್ ಹರಿಯಿತು ಅನ್ನೋದನ್ನ. ಹಾಳೆ, ತರಗೆಲೆ, ಡಾಂಬರು ರಸ್ತೆ ಇಂಥ ಕಡೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯೋದು ತೀರಾ ಕಡಿಮೆ. ಸ್ಟೇಷನ್ನಿಗೆ ಅದು ಯಾರೋ ಒಬ್ಬರು ಪಂಪ್ ಹಾಕಿದ ಹಾಗೆ ಅಷ್ಟೇ. ಮನುಷ್ಯ ಸಾಯೋಕೆ ಮಾತ್ರ ಅಷ್ಟು ಸಾಕು. 2023ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿ ಕಡೆ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಮಗು ಇಬ್ಬರೂ ಹೋದರು, ನೆನಪಿರಬಹುದು.

ಆದರೆ ತುಂಡಾದ ತಂತಿ ಮನೆಮನೆಯಲ್ಲೂ ಒಂದು ಗುರುತು ಬಿಡುತ್ತದೆ. 11 ಕೆವಿಯ ಮೂರು ತಂತಿಗಳಲ್ಲಿ ಒಂದು ಹೋದರೆ ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ಬರುವ ಒಂದು ಫೇಸ್ ಸರಿಯಾಗೇ ಇರುತ್ತದೆ, ಉಳಿದ ಎರಡು ಫೇಸಿನಲ್ಲಿ 230ರ ಬದಲು ಅರ್ಧದಷ್ಟು ಮಾತ್ರ ಬರುತ್ತದೆ. ಪಕ್ಕದ ಮನೆ ಟಿವಿ ಯಾಕೆ ಓಡುತ್ತಿತ್ತು ಅಂತ ಈಗ ಗೊತ್ತಾಯ್ತಲ್ಲ. ಒಂದೇ ಟಿಸಿಯ ಮನೆಗಳು ಹೀಗಾದರೆ ಅಲ್ಲೇ ಫ್ಯೂಸ್ ಹೋಗಿರಬಹುದು, ಜಂಪ್ (ಲೈನಿನಿಂದ ಟಿಸಿಗೆ ಎಳೆದ ತುಂಡು ತಂತಿ) ಕಟ್ ಆಗಿರಬಹುದು. ಸಾಲಾಗಿ ಮೂರು ನಾಲ್ಕು ಟಿಸಿಗಳ ಕಡೆಯಿಂದ 'ಡಿಮ್' ಅಂತ ಫೋನ್ ಬಂದರೆ ಮೇಲೆ ಲೈನಿನಲ್ಲೇ ಎಲ್ಲೋ ತುಂಡಾಗಿದೆ. ಸರಿ ಇರುವ ಕೊನೆಯ ಟಿಸಿ ಯಾವುದು, ಡಿಮ್ ಆಗಿರುವ ಮೊದಲನೆಯದು ಯಾವುದು, ಅವೆರಡರ ನಡುವೆ ಹುಡುಕಿದರಾಯಿತು. ಒಂದು ಪೆನ್ನು, ಫೀಡರಿನ (ಸ್ಟೇಷನ್ನಿನಿಂದ ಹೊರಡುವ ಆ 11 ಕೆವಿ ಲೈನಿನ) ನಕ್ಷೆ ಇದ್ದರೆ ಕುಳಿತಲ್ಲೇ ಹೇಳಬಹುದು. ಮತ್ತೊಂದು ಮಾತು, ಸ್ಟೇಷನ್ ಕಡೆಯ ತುದಿ ಮಾತ್ರ ಅಲ್ಲ, ಮನೆಗಳ ಕಡೆಯ ತುದಿಯಲ್ಲೂ ಟಿಸಿ ಮೂಲಕ ವಾಪಸ್ ಕರೆಂಟ್ ಬಂದಿರುತ್ತದೆ. ಆ ಕಡೆಯದು ಸತ್ತಿದೆ ಅಂತ ಮುಟ್ಟಲು ಹೋಗಬೇಡಿ.

ಟ್ರಿಪ್ ಆಗುವ ಫಾಲ್ಟಿನ ಕಥೆ ಬೇರೆ. ಕಂಬದ ಮೇಲೆ ತಂತಿ ಕೂರಿಸುವ ಪಿನ್ ಇನ್ಸುಲೇಟರ್ ಕೂದಲೆಳೆಯಷ್ಟು ಸೀಳಿರುತ್ತದೆ, ಕೆಳಗೆ ನಿಂತು ಕತ್ತೆತ್ತಿದರೆ ಏನೂ ಕಾಣಲ್ಲ. ಬಿಸಿಲಿಗೆ ಲೈನ್ ನಿಲ್ಲುತ್ತದೆ, ಸಂಜೆ ಹನಿ ಬಿದ್ದರೆ ಮತ್ತೆ ಢಂ! ಆಗ ನಮ್ಮಲ್ಲಿ ಮಾಡೋದು ಏನು? ಜಿಓಎಸ್ (ಕಂಬದ ಮೇಲಿನ ಲೈನ್ ಸ್ವಿಚ್) ಒಂದೊಂದಾಗಿ ತೆಗೆದು, ಉಳಿದ ಲೈನಿಗೆ ಕರೆಂಟ್ ಬಿಟ್ಟು ನೋಡೋದು. ಪಾಪ, ಆ ಪವರ್‌ಮ್ಯಾನ್‌ಗಳು ಜಿಗಣೆ ಕಚ್ಚಿಸಿಕೊಂಡು ಕಾಡಿನಲ್ಲಿ ಟಾರ್ಚ್ ಹಿಡಿದು ಅಲೆಯುತ್ತಾರೆ, ಅವರನ್ನ ಬೈದು ಉಪಯೋಗ ಇಲ್ಲ. ಲೈನ್ ಚಾಲೂ ಇದ್ದಾಗಲೇ ತಂತಿಗೆ ಕಚ್ಚಿಸುವ ಸಣ್ಣ ಫಾಲ್ಟ್ ಇಂಡಿಕೇಟರ್‌ಗಳಿವೆ. ಫಾಲ್ಟ್ ಕರೆಂಟ್ ತನ್ನನ್ನು ದಾಟಿ ಹೋದರೆ ಕೆಂಪು ದೀಪ ಮಿಣುಕಿಸುತ್ತದೆ. ಮಿಣುಕುವ ಕೊನೆಯದು, ಮಿಣುಕದ ಮೊದಲನೆಯದು, ಫಾಲ್ಟ್ ಆ ನಡುವೆ. ಲೈನ್ ಕವಲೊಡೆಯುವ ಕಡೆಗಳಲ್ಲಿ ಹಾಕಿದರೂ ಅರ್ಧ ಅಲೆದಾಟ ತಪ್ಪುತ್ತದೆ. ಹಾಳೆ ಮೇಲೆ ಬಿದ್ದ ತಂತಿಯನ್ನು ಇದೂ ಹಿಡಿಯೋದಿಲ್ಲ, ಅದಕ್ಕೇ ಡಿಮ್ ವಿಷಯ ಇಷ್ಟು ಉದ್ದ ಎಳೆದೆ.

ನನ್ನ ಬೇಡಿಕೆ ಚಿಕ್ಕದು. ಕರೆಂಟ್ ದೂರಿನ ನಂಬರ್ 1912ಕ್ಕೆ ಯಾರಾದರೂ 'ಡಿಮ್' ಅಂತ ಫೋನ್ ಮಾಡಿದರೆ ಎತ್ತಿದವರು ಎರಡೇ ಪ್ರಶ್ನೆ ಕೇಳಲಿ: ನಿಮ್ಮದು ಯಾವ ಟಿಸಿ, ಪಕ್ಕದ ಊರಲ್ಲಿ ಹೇಗಿದೆ. ಎರಡನೇ ಟಿಸಿಯಿಂದಲೂ ಅದೇ ದೂರು ಬಂದರೆ ಬೆಳಗಿನವರೆಗೆ ಕಾಯದೆ ಆ ಫೀಡರನ್ನು ಆಗಲೇ ಬಂದ್ ಮಾಡಿಸಲಿ. ಒಂದು ರಾತ್ರಿ ಕತ್ತಲಲ್ಲಿ ಕೂರೋದು ನಮಗೇನು ಹೊಸತಲ್ಲ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು