ಶಿಡ್ಲಘಟ್ಟದ ನನ್ನ ಕೇಳುಗರಿಗೆ

ಮೊನ್ನೆ ಭಾನುವಾರ ನೀವೆಲ್ಲ ಸೇರಿ ನನಗೆ ಪೇಟ ತೊಡಿಸಿದಿರಿ, ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಆಮೇಲೆ ಮೈಕು ಕೊಟ್ಟಿರಿ. 30 ವರ್ಷ ಲಂಡನ್ನಿನಲ್ಲಿ ಮೈಕಿನ ಮುಂದೆ ಕೂತೇ ಅನ್ನ ಸಂಪಾದಿಸಿದವನಿಗೆ ಎರಡು ನಿಮಿಷಕ್ಕೇ ಗಂಟಲು ಕಟ್ಟಿತು. ಆಗ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಬರುತ್ತಿದ್ದದ್ದು ಅಪ್ಪನ ರೇಡಿಯೋದಿಂದ. ಶಾರ್ಟ್‌ವೇವ್ ಅಲೆ ಆಕಾಶದ ಮೇಲಿನ ಪದರಕ್ಕೆ ಬಡಿದು ಕೆಳಗೆ ಬರುತ್ತದಲ್ವಾ, ಹಾಗಾಗಿ ದನಿ ಒಮ್ಮೆ ಗಟ್ಟಿ, ಒಮ್ಮೆ ಬಾವಿಯೊಳಗಿಂದ ಬಂದ ಹಾಗೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ತೀರಿಕೊಂಡ ಸುದ್ದಿ ನಮ್ಮ ಬೀದಿಗೆ ಗೊತ್ತಾದದ್ದು ಬಿಬಿಸಿಯಿಂದ. ಆಕಾಶವಾಣಿ ಹೇಳುವ ಹೊತ್ತಿಗೆ ಸಂಜೆಯಾಗಿತ್ತು. ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಬಂದವರು ನಮ್ಮ ಜಗುಲಿ ತುಂಬ ನಿಂತಿದ್ದರು. ಅಪ್ಪ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. ಆವತ್ತೇ ಪತ್ರಕರ್ತ ಆಗಬೇಕು ಅಂದುಕೊಂಡೆ ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದೇನೆ. ನಿಜ ಅಂದರೆ, ಶಾಲೆಗೆ ರಜ ಸಿಗುತ್ತೆ ಅನ್ನೋದೇ ತಲೆಯಲ್ಲಿತ್ತು.

ಆ ರೇಡಿಯೋ ಕೆಟ್ಟಾಗಲೆಲ್ಲ ‘ದುಡ್ಡು ಆಮೇಲೆ ಕೊಡು’ ಅಂದ ರಿಪೇರಿ ಅಂಗಡಿ ಚಾಚಾ, ಆ ಬಾಕಿ ನಾವು ಪೂರ್ತಿ ತೀರಿಸಿದ್ದು ನನಗಂತೂ ನೆನಪಿಲ್ಲ.

1994ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ರೇಡಿಯೋದ ಕಚೇರಿ ಇದ್ದ ಲಂಡನ್ನಿನ ಬುಷ್ ಹೌಸ್‌ಗೆ ಹೋದಾಗ ಅಲ್ಲಿ ಇನ್ನೂ ಮಾತನ್ನು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದರು. ಒಂದು ಸೆಕೆಂಡ್ ಮಾತು ಅಂದರೆ ಏಳೂವರೆ ಇಂಚು ಟೇಪು. ಬೇಡದ ಕೆಮ್ಮು, ತಡವರಿಕೆ ಇದ್ದ ಕಡೆ ಪೆನ್ಸಿಲ್ ಗುರುತು ಹಾಕಿ, ಓರೆಯಾಗಿ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸಬೇಕು. ಕೇಳುವವರಿಗೆ ಗಂಟು ಗೊತ್ತಾಗಬಾರದು. ಜೊತೆಗೆ ಸೇರಿದವರು ಒದ್ದಾಡುತ್ತಿದ್ದರು, ನನಗೆ ಸಲೀಸು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ, ಕಡಿದರೆ ಮತ್ತೆ ಹಚ್ಚುವ ಅಮ್ಮನ ಪಕ್ಕ ಕೂತು ಬೆಳೆದವನಿಗೆ ಅದೇನು ಮಹಾ? ಕೆಲಸ ಕಲಿಸಿದ ಹಿರಿಯ ಹೆಂಗಸು ‘ಇದನ್ನ ಎಲ್ಲಿ ಕಲಿತೆ?’ ಅಂದರು. ‘ಅಮ್ಮನ ಹತ್ತಿರ’ ಅಂದೆ. ತಮಾಷೆ ಅಂದುಕೊಂಡರು. ತಾಳ್ಮೆಯಿಂದ ಕಲಿಸಿದ ಅವರಿಗೂ ನಮಸ್ಕಾರ.

ಮೊದಲ ಸಲ ನೇರ ಪ್ರಸಾರದಲ್ಲಿ ವಾರ್ತೆ ಓದಿದಾಗ ಗಾಬರಿಯಲ್ಲಿ ಒಂದೇ ಹಾಳೆಯನ್ನು ಎರಡು ಸಲ ಓದಿಬಿಟ್ಟೆ. ಊರಿಗೆ ಫೋನ್ ಮಾಡಿದರೆ ಅಪ್ಪ ಗಂಭೀರವಾಗಿ, ‘ಆ ಸುದ್ದಿ ಅಷ್ಟು ಮುಖ್ಯವಾದದ್ದೇನಪ್ಪಾ?’ ಅಂದರು. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಕೇಳುತ್ತಿದ್ದಳು. ಒಂದು ಸಲ ಆ ಗರಗರ ಸದ್ದಿನ ಮಧ್ಯೆಯೂ ‘ಹುಡುಗನಿಗೆ ನೆಗಡಿ ಆಗಿದೆ’ ಅಂದಳಂತೆ. ಆಗಿತ್ತು.

ಇನ್ನೊಂದು ಮಾತು. ಅಪ್ಪನಿಗೆ ಎದೆನೋವು ಬಂದ ರಾತ್ರಿ ನಾನು ಯಾವುದೋ ದೇಶದ ಚುನಾವಣೆ ಫಲಿತಾಂಶ ಓದುತ್ತಿದ್ದೆ. ಗೂಡು ಸಾಗಿಸುವ ಟೆಂಪೋದಲ್ಲಿ ಅವರನ್ನು ಮಲಗಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ ಓಡಿದವರು ನಮ್ಮ ಬೀದಿಯವರು. ನಾನು ಬಂದು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ನೀವು ಬಿಡಲಿಲ್ಲ, ಪಕ್ಕದ ಮನೆಗಳಿಂದಲೇ ಊಟ ಬಂತು. ಟೆಂಪೋದಲ್ಲಿ ಯಾರ್ಯಾರು ಇದ್ದಿರಿ ಅಂತ ಎಷ್ಟು ಕೇಳಿದರೂ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಭಾನುವಾರ ಮೈಕು ಹಿಡಿದಾಗ ಗಂಟಲು ಕಟ್ಟಿದ್ದು ಅದಕ್ಕೇ. ನೀವು ಎದುರಿಗೇ ಕೂತಿದ್ದಿರಿ.

ಬುಷ್ ಹೌಸ್‌ನಿಂದ 2012ರ ಜುಲೈನಲ್ಲಿ ಕೊನೆಯ ವಾರ್ತೆ ಹೋಯಿತು, ನಾವೆಲ್ಲ ಬೇರೆ ಕಟ್ಟಡಕ್ಕೆ ಗಂಟುಮೂಟೆ ಕಟ್ಟಿದೆವು. ಆಮೇಲಿನದೆಲ್ಲ ಕಂಪ್ಯೂಟರ್, ಹೇಳುವಂಥದ್ದು ಜಾಸ್ತಿ ಇಲ್ಲ.

ಈಗ ಊರಿಗೇ ಬಂದಿದ್ದೇನೆ. ಅಮ್ಮ ಇವತ್ತಿಗೂ ಬೆಳಿಗ್ಗೆ ರೇಡಿಯೋ ಹಾಕುತ್ತಾಳೆ. ಪಕ್ಕದಲ್ಲಿ ಕೂತು ಏನಾದರೂ ಮಾತು ತೆಗೆದರೆ, ‘ಸುಮ್ನಿರೋ, ವಾರ್ತೆ ಬರ್ತಿದೆ’ ಅನ್ನುತ್ತಾಳೆ.